ಇನ್ನೊಂದು ಬದಿಯೂ ಹೀಗೆಯೇ

ಆ ಶುಕ್ರವಾರ ಬೆಳಗ್ಗೆ ಸೊನ್ನೆ ಬ್ರೆಡ್ಡೂ ಮುಗಿಸಲಿಲ್ಲ, ಚಹಾವೂ ಮುಗಿಸಲಿಲ್ಲ. ಸಂಜೆ ಕಚೇರಿ ಬಾಗಿಲು ಹಾಕುವುದರೊಳಗೆ ಅವಳು ಒಬ್ಬರಿಗೆ ಹೂಂ ಅನ್ನಬೇಕಿತ್ತು, ಇನ್ನೊಬ್ಬರಿಗೆ ಊಹೂಂ ಅನ್ನಬೇಕಿತ್ತು. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಕೆಟ್ಟವರಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ವಾರದಿಂದ ಅನ್ನಿಸುತ್ತಿತ್ತು.

ಸೊನ್ನೆ ಅವಳ ಹೆಸರಲ್ಲ. ಚಿಕ್ಕಂದಿನಲ್ಲಿ ಗೋಡೆ, ನೆಲ, ಅಣ್ಣನ ಪರೀಕ್ಷೆಯ ಹಾಳೆ ಎನ್ನದೆ ಎಲ್ಲ ಕಡೆ ಸೊನ್ನೆ ಸುತ್ತುತ್ತಿದ್ದಳೆಂದು ಅಣ್ಣ ಸಿಟ್ಟಿನಲ್ಲಿ ಇಟ್ಟ ಅಡ್ಡಹೆಸರು. ಮದುವೆಯಾಗಿ ಬರುವಾಗ ಅದು ಅವಳಿಗಿಂತ ಮೊದಲೇ ಗಂಡನ ಮನೆಗೆ ಬಂದು ಕೂತಿತ್ತು. ಮದುವೆ, ಮಗು, ಹತ್ತಾರು ಮಕ್ಕಳಿಗೆ ಮನೆಪಾಠ ಎಲ್ಲದರ ನಡುವೆ ತಡವಾಗಿ ಕಾಲೇಜಿಗೆ ಹಿಂದಿರುಗಿ, ಗಣಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದಳು. ಡಾಕ್ಟರೇಟಿಗೆ ಸೇರಲು ವಯಸ್ಸಿನ ಮಿತಿ ಇದೆ. ಈ ವರ್ಷ ತಪ್ಪಿದರೆ ಮುಂದೆ ಇಲ್ಲ.

ಅವಳಿಗೆ ಎರಡು ಕಡೆಯಿಂದ ಕರೆ ಬಂದಿತ್ತು. ಗಣಿತ ವಿಭಾಗದ ಮೇಷ್ಟ್ರು, ಶುದ್ಧ ಗಣಿತಕ್ಕೆ ಬಾ ಎಂದಿದ್ದರು. ಅಂಗಳದ ಆಚೆಯ ಕಟ್ಟಡದಲ್ಲಿ ಕೂರುವ ಮೇಡಂ, ಕಂಪ್ಯೂಟರ್ ವಿಜ್ಞಾನದ ಸೈದ್ಧಾಂತಿಕ ಶಾಖೆಗೆ, ಎಂದರೆ ಯಾವ ಪ್ರಶ್ನೆಗೆ ಉತ್ತರ ಹುಡುಕಲು ಎಷ್ಟು ಒದ್ದಾಡಬೇಕು ಎಂಬುದನ್ನೇ ಅಳೆಯುವ ಶಾಖೆಗೆ, ಬಾ ಎಂದಿದ್ದರು. ಇಬ್ಬರೂ ಮೆಚ್ಚಿದ್ದು ಒಂದೇ ವಸ್ತುವನ್ನು. ಅವಳ ಪ್ರಬಂಧದಲ್ಲಿದ್ದ ಒಂದು ಪ್ರಮೇಯ.

"ಎರಡರಲ್ಲಿ ಯಾವುದು ಬೇಗ ಮುಗಿಯುತ್ತೋ ಅದನ್ನ ತಗೋ," ಎಂದರು ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯವಿಡೀ ಲೈನು ಜೋಡಿಸಿ ನಿವೃತ್ತರಾದವರು. ಮಾತು ಉದ್ದವಾದರೆ ಈಗಲೂ ನಡುವೆ ಕತ್ತರಿಸಿಬಿಡುತ್ತಿದ್ದರು.

"ಎರಡೂ ಐದಾರು ವರ್ಷನೇ ಅತ್ತೆ."

"ಅಷ್ಟು ಹೊತ್ತಿಗೆ ಬಟಾಣಿನೇ ನಿನಗೆ ಲೆಕ್ಕ ಹೇಳ್ಕೊಡ್ತಾಳೆ ಬಿಡು."

ಮಗಳು ಬಟಾಣಿ ಮೇಜಿನ ಕೆಳಗೆ ಬಲಗಾಲಿನ ಶೂವನ್ನು ಎಡಗಾಲಿಗೆ ತುರುಕುತ್ತಿದ್ದಳು. ಗಂಡ ಬಗ್ಗಿ ಅದನ್ನು ಸರಿಮಾಡುತ್ತ ಹೇಳಿದ: "ಕಂಪ್ಯೂಟರ್ ತಗೊಂಡುಬಿಡು. ಕೇಳಿದೋರಿಗೆ ಹೇಳೋಕೆ ಸುಲಭ. ಶುದ್ಧ ಗಣಿತ ಅಂದ್ರೆ, ಹಾಗಾದ್ರೆ ಕೊಳಕು ಗಣಿತ ಎಲ್ಲಿ ಸಿಗುತ್ತೆ ಅಂತಾರೆ."

"ಅಲ್ಲೂ ಕಂಪ್ಯೂಟರ್ ಮುಟ್ಟೋದಿಲ್ಲ ರೀ. ಅಲ್ಲೂ ಬೋರ್ಡು, ಸೀಮೆಸುಣ್ಣನೇ."

ಗಂಡ ಲಿಫ್ಟ್ ಮೆಕ್ಯಾನಿಕ್. ಸ್ವಲ್ಪ ಯೋಚಿಸಿ, "ಲಿಫ್ಟೇ ಇಲ್ದಿರೋ ಬಿಲ್ಡಿಂಗಿಗೆ ನನ್ನ ರಿಪೇರಿಗೆ ಕರೆದ ಹಾಗಾಯ್ತು," ಎಂದ.

ಅತ್ತೆ ನಕ್ಕರು, ಬಟಾಣಿ ಯಾಕೆಂದು ತಿಳಿಯದೆ ನಕ್ಕಳು. ಸೊನ್ನೆ ನಗಲು ಹೋಗಿ ಚಹಾ ನೆತ್ತಿಗೇರಿಸಿಕೊಂಡಳು. ನಗುವವರಿಗೇನು, ಅವರಿಗೆ ಸಂಜೆ ಎಂಬುದು ಬರೀ ಸಂಜೆ. ಅವಳಿಗೆ ಮಾತ್ರ ಮಲಗುವಾಗ ಗಣಿತವೇ ಸರಿ ಅನ್ನಿಸಿ, ಏಳುವಾಗ ಮೇಡಮ್ಮೇ ಸರಿ ಅನ್ನಿಸಿ, ಹಲ್ಲುಜ್ಜುವಷ್ಟರಲ್ಲಿ ಎರಡೂ ತಪ್ಪು ಅನ್ನಿಸಿ ತಲೆ ಕೆಟ್ಟುಹೋಗಿತ್ತು.

ಬಟಾಣಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಿಶುವಿಹಾರಕ್ಕೆ ಹೊರಟಳು. ದೊಡ್ಡ ರಸ್ತೆಯಲ್ಲಿ ನೀರಿನ ಪೈಪು ಹಾಕಲು ಅಗೆದಿದ್ದರು. ಸುತ್ತಲಿನ ಗಲ್ಲಿಗಳೆಲ್ಲ ರಾತ್ರೋರಾತ್ರಿ ಏಕಮುಖವಾಗಿದ್ದವು. ಹೇಗೋ ಮಗುವನ್ನು ಗೇಟಿನೊಳಗೆ ಬಿಟ್ಟು, ಒಂದು ತಿರುವು ದಾಟಿದ ಮೇಲೆ ನೋಡುತ್ತಾಳೆ, ನೀರಿನ ಬಾಟಲಿ ಸ್ಕೂಟರಿನ ಕೊಕ್ಕೆಯಲ್ಲೇ ನೇತಾಡುತ್ತಿದೆ. ವಾಪಸು ಹೋಗೋಣವೆಂದರೆ ಆಗಲಿಲ್ಲ. ಎಡಕ್ಕೆ ತಿರುಗಿದರೆ ಬಾಣದ ಗುರುತು ಹೊರಕ್ಕೆ, ಬಲಕ್ಕೆ ತಿರುಗಿದರೂ ಹೊರಕ್ಕೆ. ಶಿಶುವಿಹಾರದ ಗಲ್ಲಿಯಿಂದ ನಾಲ್ಕು ದಿಕ್ಕಿಗೂ ಹೊರಡಬಹುದಿತ್ತು. ಒಳಗೆ ಹೋಗಲು ಇದ್ದ ಒಂದೇ ದಾರಿಯ ಬಾಯಿಗೆ ಈಗ ತಾನೇ ಮಣ್ಣಿನ ಲಾರಿ ಬಂದು ನಿಂತಿತ್ತು.

"ಸರ್, ಸ್ಕೂಲ್ ಹತ್ರ ಹೋಗ್ಬೇಕು. ಯಾವ ಕಡೆಯಿಂದ?"

ಟ್ರಾಫಿಕ್ ಪೊಲೀಸ್ ಬೆವರೊರೆಸಿಕೊಂಡ. "ಈಗ ತಾನೇ ಅಲ್ಲಿಂದ ಬಂದ್ರಲ್ಲಮ್ಮ."

"ಬಂದೆ. ಮತ್ತೆ ಹೋಗ್ಬೇಕು."

"ಇವತ್ತು ಎಲ್ಲಾರೂ ಬರೋದೇ. ನಾನು ನಿಂತಾಗಿಂದ ಹೋದೋರು ಒಬ್ರೂ ಇಲ್ಲ," ಎಂದು ಅವನು ಶೀಟಿ ಊದಿದ.

ಸೊನ್ನೆ ಸ್ಕೂಟರನ್ನು ಬದಿಗೆ ನಿಲ್ಲಿಸಿದಳು. ನೀರಿನ ಬಾಟಲಿಯ ಚಿಂತೆಯಿಂದಲ್ಲ.

ಅವಳ ಪ್ರಮೇಯವೂ ಏಕಮುಖ ದಾರಿಗಳದ್ದೇ. ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಬಾಣಗಳು. ಪ್ರತಿ ಚುಕ್ಕಿಯಿಂದಲೂ ಸಾಕಷ್ಟು ಬಾಣಗಳು ಹೊರಟರೆ, ಆ ಜಾಲವನ್ನು ಎರಡು ಪಾಲು ಮಾಡಬಹುದು, ಮತ್ತು ಎರಡೂ ಪಾಲುಗಳ ನಡುವೆ ಹೋಗಲಿಕ್ಕೂ ಬರಲಿಕ್ಕೂ ಬೇಕಾದಷ್ಟು ದಾರಿ ಉಳಿಯುತ್ತದೆ. ನಿಜವಾದ ಹೇಳಿಕೆ ಇದಕ್ಕಿಂತ ಬಹಳ ಗಂಟುಗಂಟಾಗಿತ್ತು, ಆದರೆ ತಿರುಳು ಇಷ್ಟೇ. ಶಾಲೆಯ ರೇಖಾಗಣಿತದಲ್ಲಿ ಬರೆಸುತ್ತಾರಲ್ಲ ಸಾಧನೆ, ಅಂಥದೊಂದು ಸಾಧನೆಯನ್ನು ಅವಳು ಇದಕ್ಕೆ ಬರೆದಿದ್ದಳು. ಅದರ ಮೊದಲರ್ಧದಲ್ಲಿ ಹೊರಡುವ ಬಾಣಗಳನ್ನು ಹಿಡಿದು ಪುಟಗಟ್ಟಲೆ ದುಡಿದಿದ್ದಳು. ಒಳಬರುವ ಬಾಣಗಳ ಸರದಿ ಬಂದಾಗ ಒಂದೇ ಸಾಲು ಬರೆದಿದ್ದಳು: ಇನ್ನೊಂದು ಬದಿಯೂ ಹೀಗೆಯೇ.

ಗಣಿತದವರೆಲ್ಲ ಬರೆಯುವ ಸಾಲು ಅದು. ಒಂದೇ ಕೆಲಸವನ್ನು ಕನ್ನಡಿಯಲ್ಲಿ ಇನ್ನೊಮ್ಮೆ ಮಾಡಿ ಓದುವವರ ಪ್ರಾಣ ತಿನ್ನಬಾರದೆಂಬ ಸೌಜನ್ಯ. ಆದರೆ ಅವಳ ಷರತ್ತು ಹೊರಡುವ ಬಾಣಗಳ ಬಗ್ಗೆ ಮಾತ್ರ ಮಾತಾಡಿತ್ತು. ಒಟ್ಟು ಹೊರಟಷ್ಟೇ ಬಾಣಗಳು ಒಟ್ಟು ಬಂದೇ ಬರುತ್ತವೆ, ನಿಜ; ಅವೆಲ್ಲ ಒಂದೇ ಕಡೆ ಹೋಗಿ ಗುಂಪು ಕಟ್ಟಿಕೊಂಡು, ಇನ್ನೆಲ್ಲೋ ಒಂದು ಶಿಶುವಿಹಾರದ ಗಲ್ಲಿಗೆ ಯಾರೂ ಹೋಗದಂತೆ ಆಗಬಹುದಲ್ಲ. ಇನ್ನೊಂದು ಬದಿ ಹೀಗೆಯೇ ಇರಬೇಕಾಗಿರಲಿಲ್ಲ.

ಅವಳು ಬಾಟಲಿಯನ್ನು ಕೈಯಲ್ಲಿ ಹಿಡಿದು ಗಲ್ಲಿಯಲ್ಲಿ ನಡೆದೇ ಹೋಗಿ ಗೇಟಿನ ಹತ್ತಿರ ಕೊಟ್ಟು ಬಂದಳು. ಕಾಲು ತನ್ನಷ್ಟಕ್ಕೆ ನಡೆಯುತ್ತಿತ್ತು. ಪ್ರಮೇಯ ಬಿದ್ದರೆ ಎರಡು ಕರೆಗಳೂ ಬೀಳುತ್ತವೆ. ಬೆಳಗ್ಗೆ ಎರಡರಲ್ಲಿ ಯಾವುದು ಎಂದು ಪರದಾಡಿದವಳಿಗೆ ಈಗ ಎರಡೂ ಇಲ್ಲ. ಹೇಳದೆ ಇರೋಣ ಎಂಬ ಯೋಚನೆ ಬರಲಿಲ್ಲ ಎಂದಲ್ಲ. ಬಂತು, ಹತ್ತು ಹೆಜ್ಜೆ ಜೊತೆಗೆ ನಡೆಯಿತು ಕೂಡ. ಆದರೆ ಅವಳ ಕಣ್ಣಿಗೆ ಒಮ್ಮೆ ಬಿದ್ದದ್ದು ನಾಳೆ ಇನ್ಯಾರ ಕಣ್ಣಿಗಾದರೂ ಬೀಳುತ್ತದೆ. ಬೀಳದಿದ್ದರೆ ಇನ್ನೂ ಕೆಟ್ಟದ್ದು. ಐದಾರು ವರ್ಷ ಆ ಸಾಲಿನ ಮೇಲೆ ಕೂತು ಮನೆ ಕಟ್ಟಬೇಕು.

ಮೇಷ್ಟ್ರ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಪ್ಪು ಹಲಗೆ. ಅದರ ಕೆಳಗಿನ ಭಾಗ ಮಾತ್ರ ಸದಾ ಖಾಲಿ, ಮಂಡಿನೋವಿನಿಂದ ಅವರು ಬಗ್ಗಿ ಬರೆಯುತ್ತಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಅವರು ಕನ್ನಡಕ ತೆಗೆದು ಕೇಳಿದರು. ಎದ್ದು ಹಲಗೆ ಒರೆಸಿದರು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದರು.

"ತಪ್ಪು ಅಂತ ಗೊತ್ತಾಗಿದೆಯೋ, ಸಾಧಿಸಿಲ್ಲ ಅಂತ ಗೊತ್ತಾಗಿದೆಯೋ?"

"ಸಾಧಿಸಿಲ್ಲ ಅಂತ ಮಾತ್ರ ಸರ್. ತಪ್ಪೋ ಅಲ್ವೋ ಇನ್ನೂ ಗೊತ್ತಿಲ್ಲ."

"ಆ ಸಾಲು ನಾನೂ ಓದಿದ್ದೆ ಕಣಮ್ಮ. ಓದಿ ತಲೆ ಆಡಿಸಿದ್ದೆ." ಅವರು ಕುರ್ಚಿಗೆ ಒರಗಿದರು. "ನಲವತ್ತು ವರ್ಷದಿಂದ ಆ ಸಾಲಿಗೆ ತಲೆ ಆಡಿಸಿ ಆಡಿಸಿ ಕುತ್ತಿಗೆನೇ ಅಭ್ಯಾಸ ಮಾಡ್ಕೊಂಡ್‌ಬಿಟ್ಟಿದೆ."

ಆಮೇಲೆ ಅವರೇ ಎದ್ದು, ಪ್ರಮೇಯದ ಷರತ್ತಿನ ಪಕ್ಕ ಇನ್ನೊಂದು ಷರತ್ತು ಬರೆದರು: ಪ್ರತಿ ಚುಕ್ಕಿಗೂ ಅಷ್ಟೇ ಬಾಣಗಳು ಒಳಬರಬೇಕು. "ನೋಡು, ಒಂದು ಚಿಲಕ ಹಾಕಿದ್ವಿ. ಈಗ ಇನ್ನೊಂದು ಬದಿ ನಿಜವಾಗ್ಲೂ ಹೀಗೆಯೇ. ಪ್ರಮೇಯ ನಿಂತಿತು."

ನಿಂತಿತ್ತು. ಸೊನ್ನೆ ಸಾಲುಸಾಲಾಗಿ ಕಣ್ಣಾಡಿಸಿದಳು, ಎಲ್ಲೂ ಗಾಳಿ ನುಸುಳುತ್ತಿರಲಿಲ್ಲ.

"ಮತ್ತೆ ನನ್ನ ಸೀಟು, ಸರ್?"

"ಸೀಟಿಗೇನಾಯ್ತು? ಪ್ರವೇಶ ಸಮಿತಿ ಒಪ್ಪಿ ಆಗಿದೆ. ಸಂಜೆ ಹೂಂ ಅಂದ್ರೆ ಹೆಸರು ಕಳಿಸ್ತೀನಿ. ಇಷ್ಟಕ್ಕೆಲ್ಲ ಅವರನ್ನ ಯಾಕೆ ಎಬ್ಬಿಸಬೇಕು, ಸೇರಿದ ಮೇಲೆ ತಿದ್ದಿದರಾಯ್ತು."

ಕೋಣೆಯಿಂದ ಹೊರಬಂದಾಗ ಅವಳಿಗೆ ಮೆಟ್ಟಿಲಲ್ಲೇ ಕೂತು ಅಳಬೇಕೆನ್ನಿಸಿತು, ಸಮಾಧಾನಕ್ಕೆ. ಅಂಗಳ ದಾಟುವಷ್ಟರಲ್ಲಿ ಸಮಾಧಾನದ ಒಂದು ಮೂಲೆ ಕಚ್ಚತೊಡಗಿತು. ಚಿಲಕ ಹಾಕಿದ ಪ್ರಮೇಯದಲ್ಲಿ ಶಿಶುವಿಹಾರದ ಗಲ್ಲಿಗೆ ಜಾಗವೇ ಇರಲಿಲ್ಲ. ಬೆಳಗ್ಗೆ ಅವಳು ಸಿಕ್ಕಿಹಾಕಿಕೊಂಡ ಆ ಊರನ್ನೇ ಮೇಷ್ಟ್ರು ನಕ್ಷೆಯಿಂದ ತೆಗೆದುಹಾಕಿದ್ದರು.

ಮೇಡಮ್ಮಿನ ಕೋಣೆಯಲ್ಲಿ ಕೂರಲು ಸರಿಯಾದ ಕುರ್ಚಿ ಇರಲಿಲ್ಲ. ಅವರು ನಿಂತೇ ಯೋಚಿಸುವವರು. ಸೊನ್ನೆಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವರು, ಮಾತು ಮಾತ್ರ ಕಾಲೇಜು ಹುಡುಗಿಯರ ಹಾಗೆ. ವಿಷಯ ಕೇಳಿದವರೇ ಸೀಮೆಸುಣ್ಣ ಎತ್ತಿಕೊಂಡರು.

"ಒಳ್ಳೇದೇ ಆಯ್ತು. ಬಾ, ಮುರಿಯೋಣ."

"ಮುರಿಯೋದಾ ಮೇಡಂ?"

"ಮತ್ತೇನು, ಪೂಜೆ ಮಾಡೋಕಾ? ಒಳಬರೋ ಬಾಣ ಎಲ್ಲಾ ಒಂದೇ ಮೂಲೇಲಿ ತುಂಬು. ತುಂಬು, ನಾಚ್ಕೋಬೇಡ."

ಇಬ್ಬರೂ ಬಿಡಿಸಿದರು, ಅಳಿಸಿದರು, ಮತ್ತೆ ಬಿಡಿಸಿದರು. ಮೇಡಂ ಬಾಣಗಳನ್ನು ಬಿಡಿಸುತ್ತಿರಲಿಲ್ಲ, ಎಸೆಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಒಂದು ಜಾಲ ನಿಂತಿತ್ತು, ಜೇಡ ಕುಡಿದು ನೇಯ್ದ ಹಾಗೆ. ಅದನ್ನು ಹೇಗೆ ಎರಡು ಪಾಲು ಮಾಡಿದರೂ ಒಂದು ಪಾಲಿಗೆ ಬರುವ ದಾರಿ ಕಡಿಮೆ ಬೀಳುತ್ತಿತ್ತು. ಸೊನ್ನೆಯ ಪ್ರಮೇಯ ಸಾಧಿಸದೆ ಉಳಿದದ್ದಷ್ಟೇ ಅಲ್ಲ, ಸುಳ್ಳಾಗಿತ್ತು.

"ಹೋಯ್ತು," ಎಂದರು ಮೇಡಂ, ಖುಷಿಯಿಂದ ಕೈ ಒದರಿಕೊಳ್ಳುತ್ತ. "ಈಗ ಅಸಲಿ ಪ್ರಶ್ನೆ. ಯಾವುದೋ ಒಂದು ಜಾಲ ತಂದು ಕೊಟ್ರೆ, ಅದು ಮುರಿಯೋ ಜಾತಿಯದ್ದಾ ಅಲ್ವಾ ಅಂತ ಬೇಗ ಹೇಳೋಕಾಗುತ್ತಾ? ಆಗುತ್ತೆ ಅಂದ್ರೆ ನಿನಗೆ ಒಂದು ಸಣ್ಣ ಲೇಖನ. ಆಗಲ್ಲ ಅಂತ ತೋರಿಸಿದ್ರೆ ಡಾಕ್ಟರೇಟೇ ಬಂತು." ಆಮೇಲೆ ದನಿ ತಗ್ಗಿಸಿದರು. "ಆದ್ರೆ ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಸೀಟು ಆ ಪ್ರಮೇಯದ ಮೇಲೆ ನಿಂತಿತ್ತು. ಸೋಮವಾರ ನಮ್ಮ ಸಮಿತಿ ಸೇರುತ್ತೆ, ನಾನು ಇದನ್ನ ಅವರ ಮುಂದೆ ಇಡ್ಲೇಬೇಕು. ನಾನು ಜಗಳ ಆಡ್ತೀನಿ. ಗೆಲ್ತೀನಿ ಅಂತ ಮಾತ್ರ ಹೇಳಲ್ಲ."

ಸೊನ್ನೆ ಹಲಗೆಯ ಚಿತ್ರವನ್ನು ಒಂದು ಹಾಳೆಗೆ ಇಳಿಸಿಕೊಂಡು ಹೊರಗೆ ಬಂದು, ಎರಡು ಕಟ್ಟಡಗಳ ನಡುವಿನ ಕಲ್ಲುಬೆಂಚಿನ ಮೇಲೆ ಕೂತಳು.

ಈಗ ಆಯ್ಕೆ ಬೆಳಗಿನಷ್ಟು ಕಷ್ಟವಾಗಿರಲಿಲ್ಲ, ಅದೇ ಅವಳನ್ನು ಹೆದರಿಸಿತು. ಈ ಕಡೆ ಕೈಗೆ ಸಿಕ್ಕಿದ ಸೀಟು, ಆ ಕಡೆ ತೂಗಾಡುವ ಸೀಟು. ಮನಸ್ಸು ಮೇಷ್ಟ್ರ ಕಡೆಗೆ ವಾಲಿತ್ತು. ಮೇಡಂ ಪ್ರಮೇಯವನ್ನು ಮುರಿದು ಕೈ ಒದರಿಕೊಂಡಾಗ ಆ ಖುಷಿಯಲ್ಲಿ ಅವಳಿಗೆ ಪಾಲುಗೊಳ್ಳಲಾಗಿರಲಿಲ್ಲ. ಮುರಿಯುವ ಜಾಲವನ್ನು ಗುರುತಿಸಲು ಎಷ್ಟು ಹೊತ್ತು ಬೇಕೆಂಬ ಪ್ರಶ್ನೆ ಅವಳನ್ನು ಅಷ್ಟಾಗಿ ಕಾಡಲಿಲ್ಲ. ಯಾಕೆ ಮುರಿಯಿತು, ಎಲ್ಲಿಯವರೆಗೆ ಮುರಿಯುವುದಿಲ್ಲ, ಮೇಷ್ಟ್ರ ಆ ದಪ್ಪ ಚಿಲಕವಿಲ್ಲದೆ ಒಂದು ಎಳೆ ದಾರ ಕಟ್ಟಿದರೆ ಸಾಕಾಗುವುದಿಲ್ಲವೇ, ಒಳಬರುವ ಬಾಣ ಕನಿಷ್ಠ ಎಷ್ಟಿದ್ದರೆ ನಡೆಯುತ್ತದೆ, ಇದೇ ತಲೆಯೊಳಗೆ ಗಿರಗಿರ ತಿರುಗುತ್ತಿತ್ತು. ಇದು ಮೇಷ್ಟ್ರ ಬೀದಿಯ ಪ್ರಶ್ನೆ.

ಹಾಗೆಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಮನೆಪಾಠ ಮುಗಿಸಿ, ಪಾತ್ರೆ ತೊಳೆದು, ಮಗುವನ್ನು ಮಲಗಿಸಿ ಓದಿದವಳು ಅವಳು. ಈ ವರ್ಷ ತಪ್ಪಿದರೆ ಇಲ್ಲ. ಅಂಥವಳ ಮನಸ್ಸು ಗಟ್ಟಿ ಸೀಟಿನ ಕಡೆಗೆ ವಾಲದೆ ಇನ್ನೆಲ್ಲಿಗೆ ವಾಲುತ್ತದೆ? ಇದು ಇಷ್ಟವೋ, ಇಷ್ಟದ ಬಟ್ಟೆ ತೊಟ್ಟುಕೊಂಡ ಭಯವೋ? ಎಷ್ಟು ಕೆದಕಿದರೂ ಗೊತ್ತಾಗಲಿಲ್ಲ. ಎರಡನ್ನೂ ತಕ್ಕಡಿಯಲ್ಲಿ ಇಡೋಣವೆಂದರೆ ತಕ್ಕಡಿಯ ಒಂದು ತಟ್ಟೆಯ ಮೇಲೆ ಮೊದಲೇ ಯಾರೋ ಕೂತಿದ್ದರು. ಹೀಗೇ ಹೂಂ ಅಂದರೆ, ಮುಂದೆ ಕೆಲಸ ಕೈಕೊಟ್ಟ ಪ್ರತಿ ದಿನವೂ, ನೀನು ಹೆದರಿ ಬಂದವಳು ಎಂದು ಅವಳಿಗೆ ಅವಳೇ ಚುಚ್ಚಿಕೊಳ್ಳುವಳು. ಅವಳ ಬಾಯಿ ಅವಳಿಗೆ ಗೊತ್ತಿತ್ತು.

ಮಗುವನ್ನು ಕರೆದುಕೊಂಡು ಬರುವ ಹೊತ್ತಾಗಿತ್ತು. ಸ್ಕೂಟರನ್ನು ದೂರದಲ್ಲೇ ಬಿಟ್ಟು ನಡೆದು ಹೋದಳು. ಬಟಾಣಿಗೆ ಅದೇ ಖುಷಿ.

"ಅಮ್ಮಾ, ನಾವು ಯಾಕೆ ನಡೀತಿದೀವಿ?"

"ಗಾಡಿಗೆ ದಾರಿ ಇಲ್ಲ ಪುಟ್ಟಾ."

"ನಮಗೆ ಇದೆಯಾ?"

"ಕಾಲಿಗೆ ಬಾಣ ಇರಲ್ಲ."

ಮನೆಗೆ ಹೋಗಿ ಬರುವಷ್ಟು ಸಮಯವಿರಲಿಲ್ಲ. ಮಗುವಿನ ಕೈ ಹಿಡಿದೇ ಮತ್ತೆ ಮೇಷ್ಟ್ರ ಬಾಗಿಲು ತಟ್ಟಿದಳು. ಗುಮಾಸ್ತರ ಮೇಜಿನ ಮೇಲೆ ಆಗಲೇ ಚೀಲಗಳು ಹೊರಡಲು ಸಿದ್ಧವಾಗಿದ್ದವು.

ಅವಳು ಮೇಡಮ್ಮಿನ ಜಾಲದ ಹಾಳೆಯನ್ನು ಮೇಷ್ಟ್ರ ಮುಂದಿಟ್ಟಳು. "ಸುಳ್ಳಾಯ್ತು ಸರ್."

ಮೇಷ್ಟ್ರು ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ," ಎಂದರು ಕೊನೆಗೆ, ನೆರೆಮನೆಯವರ ಮಗುವನ್ನು ಹೊಗಳಿದ ಹಾಗೆ. "ಅದಕ್ಕೇ ಚಿಲಕ ಹಾಕಿದ್ದು ಕಣಮ್ಮ. ಇದು ಒಳಗೆ ಬರೋದೇ ಇಲ್ವಲ್ಲ."

"ಸರ್, ಆ ಚಿಲಕ ಬೇಡ. ಪ್ರಬಂಧದಲ್ಲಿರೋ ಪ್ರಮೇಯ ಸುಳ್ಳು, ಇದು ಅದಕ್ಕೆ ಉದಾಹರಣೆ ಅಂತ ನಿಮ್ಮ ಸಮಿತಿಗೂ ಇವತ್ತೇ ತಿಳಿಸಿ. ಸೀಟನ್ನ ಅವರು ಇನ್ನೊಂದ್ ಸಲ ನೋಡ್ಲಿ."

ಮೇಷ್ಟ್ರು ಕನ್ನಡಕ ತೆಗೆದರು. "ಸುಮ್ನೆ ನಿಂತಿರೋ ಏಣೀನ ಯಾರಾದ್ರೂ ತಾವೇ ಅಲ್ಲಾಡಿಸ್ತಾರಾ? ಈ ವರ್ಷ ಹೋದ್ರೆ ನಿನಗೆ ಇನ್ನಿಲ್ಲ. ಗೊತ್ತು ತಾನೆ?"

"ಗೊತ್ತು ಸರ್."

"ಮತ್ತೆ ಯಾಕೆ?"

ಅವಳಿಗೆ ಚೆನ್ನಾಗಿ ಹೇಳಲು ಬರಲಿಲ್ಲ. "ಆ ಕಡೆ ಸೀಟು ಸೋಮವಾರ ಅಲ್ಲಾಡುತ್ತೆ. ಈ ಕಡೇನೂ ಹಾಗೇ ಇರ್ಲಿ ಸರ್. ಇಲ್ದಿದ್ರೆ ನಾನು ಯಾವುದನ್ನ ಇಷ್ಟಪಡ್ತಿದೀನಿ ಅಂತ ನನಗೇ ಕಾಣಿಸ್ತಿಲ್ಲ."

ಹಲಗೆಯ ಬುಡದ ಖಾಲಿ ಜಾಗದಲ್ಲಿ ಬಟಾಣಿ ಆಗಲೇ ಸೀಮೆಸುಣ್ಣ ಹಿಡಿದು ಕೂತಿದ್ದಳು. ಅವಳನ್ನೇ ನೋಡುತ್ತ ಮೇಷ್ಟ್ರು ಫೋನೆತ್ತಿ, ಸಮಿತಿಯ ಅಧ್ಯಕ್ಷರಿಗೆ ಎಲ್ಲವನ್ನೂ ಹೇಳಿದರು. ಸೊನ್ನೆಗೆ ಒಂದು ಕಡೆಯ ಮಾತು ಮಾತ್ರ ಕೇಳುತ್ತಿತ್ತು. "ಹೌದು, ಅದೇ ಪ್ರಮೇಯ... ಇಲ್ಲ, ಅವಳೇ ಬಂದು ಹೇಳಿದ್ದು... ಹೌದು, ನಾನೂ ಓದಿದ್ದೆ, ಏನು ಮಾಡೋದು ಹೇಳಿ..." ಮೂರ್ಖ ಕೆಲಸ ಮಾಡಿದೆ, ತಡೆಯಬೇಕು, ಫೋನು ಇಡಿ ಸರ್ ಅನ್ನಬೇಕು ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಫೋನು ಇಟ್ಟರು.

"ಸೋಮವಾರ ನೋಡ್ತಾರಂತೆ. ಅಧ್ಯಕ್ಷರಿಗೆ ಖುಷಿಯಾದ ಹಾಗೆ ಕಾಣ್ಲಿಲ್ಲ." ಮೇಷ್ಟ್ರು ಹಾಳೆಯನ್ನು ಅವಳ ಕಡೆಗೆ ಸರಿಸಿದರು. "ಈಗ ಎರಡು ಏಣಿನೂ ಅಲ್ಲಾಡ್ತಿದೆ. ಹೇಳು, ಯಾವುದು ಹತ್ತಬೇಕು ಅನ್ನಿಸ್ತಿದೆ?"

ಸೊನ್ನೆ ಹಾಳೆ ನೋಡಿದಳು. ತಟ್ಟೆಯ ಮೇಲೆ ಕೂತಿದ್ದವರು ಎದ್ದುಹೋಗಿದ್ದರು, ಆದರೂ ತಕ್ಕಡಿ ಅದೇ ಕಡೆ ವಾಲಿತ್ತು. "ಸರ್, ಈ ಮೂಲೆ ನೋಡಿ," ಎಂದಳು. "ಒಳಗೆ ಬರೋ ದಾರಿ ಎಲ್ಲಾ ಚುಕ್ಕಿಗೂ ಬೇಕಾಗಿಲ್ಲ. ಇಲ್ಲಿ ಇನ್ನೊಂದೇ ಒಂದು ಬಾಣ ಇದ್ದಿದ್ರೆ ಇದು ಮುರೀತಾನೇ ಇರ್ಲಿಲ್ಲ. ಕಮ್ಮಿ ಅಂದ್ರೆ ಎಷ್ಟಿದ್ರೆ ಸಾಕು ಅನ್ನೋದನ್ನ ನಾನು ತಿಳ್ಕೋಬೇಕು. ನಿಮ್ಮ ಹತ್ರ ಬರ್ತೀನಿ. ಸೀಟು ಇದ್ರೆ."

"ಇದ್ರೆ," ಎಂದರು ಮೇಷ್ಟ್ರು.

ಮೇಡಮ್ಮಿಗೆ ಊಹೂಂ ಹೇಳಲು ಅಂಗಳ ದಾಟುವುದೇ ಬೆಟ್ಟ ಹತ್ತಿದಂತಾಯಿತು. ಅವರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಕೇಳಿ, ತುಟಿ ಒತ್ತಿಕೊಂಡು, ಬೀಗವನ್ನು ಎರಡು ಸಲ ಎಳೆದು ನೋಡಿದರು.

"ಅಲ್ಲೂ ಸೀಟು ಖಚಿತ ಇಲ್ಲ ಅಂತೀಯ. ಹಾಗಿದ್ರೂ ಅಲ್ಲಿಗೇನಾ?"

"ಹೌದು ಮೇಡಂ."

"ಅಲ್ಲಿ ಖಚಿತ ಆಗಿದ್ದು ನೀನು ಹೋಗಿದ್ರೆ ನನಗೆ ಸಿಟ್ಟು ಬರ್ತಿತ್ತು. ಈಗ ಅದಕ್ಕೂ ದಾರಿ ಇಲ್ಲ." ಅವರು ಬಗ್ಗಿ ಬಟಾಣಿಯ ಮೂಗಿನ ಮೇಲಿದ್ದ ಸೀಮೆಸುಣ್ಣ ಒರೆಸಿದರು. "ಆ ಜಾಲ ನಂದು. ಎಲ್ಲೇ ಬರೆದ್ರೂ ನನ್ನ ಹೆಸರು ಹಾಕ್ಬೇಕು, ನೆನಪಿಟ್ಕೋ."

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು.

"ಯಾವುದು?"

"ಗಣಿತ ಅತ್ತೆ."

"ಸಿಕ್ತಲ್ಲ, ಬಿಡು."

"ಸೋಮವಾರ ಗೊತ್ತಾಗುತ್ತೆ."

"ಬೆಳಗ್ಗೆ ಎರಡೂ ಸಿಕ್ಕಿತ್ತು ಅಂದೆ?"

"ಬೆಳಗ್ಗೆ ಸಿಕ್ಕಿತ್ತು."

ಅತ್ತೆ ಇನ್ನು ಮಾತು ಮುಂದುವರಿಸಿದರೆ ಪ್ರಯೋಜನವಿಲ್ಲವೆಂದು ಲೈನು ಕತ್ತರಿಸಿ ಒಳಗೆ ಹೋದರು. ಗಂಡ ಗ್ರೀಸು ಕೈಯಲ್ಲೇ ಹೊರಗೆ ಬಂದ. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಸೋಮವಾರ ಇಲ್ಲ ಅಂದ್ರೆ ಏನ್ ಮಾಡ್ತೀಯ?" ಎಂದ ಕೊನೆಗೆ.

ಶನಿವಾರ, ಭಾನುವಾರ ಇನ್ನೂ ಕಳೆಯಬೇಕಿತ್ತು. ಬಟಾಣಿಯ ಶೂ ಬಿಚ್ಚಲು ನೆಲಕ್ಕೆ ಕೂತವಳು, ಬಿಚ್ಚಿದ ಶೂ ಕೈಯಲ್ಲಿ ಹಿಡಿದುಕೊಂಡೇ ಆ ಮೂಲೆಯ ಒಂದು ಬಾಣವನ್ನು ಯೋಚಿಸತೊಡಗಿದಳು. ಅದು ಎಲ್ಲಿಂದ ಹೊರಟು ಬಂದರೆ ಸಾಕು?

"ಅಮ್ಮಾ, ಇನ್ನೊಂದು ಕಾಲು," ಎಂದಳು ಬಟಾಣಿ, ಕಾಲು ಮುಂದೆ ಚಾಚಿ.